ಕೂಸಿನ ಕೈಗೆ ಎಟಕುವ ಹಾಗೆ

ಬಬಲೇಶ್ವರ

ಪ್ರೀತಿಯ ಮಗಳೇ,

ಕೂಸಿಗೆ ಒಂದು ಖೋಲಿ ಬಿಟ್ಟುಕೊಡುತ್ತಿದ್ದೀರಿ ಎಂದು ಕೇಳಿ ಬಹಳ ಸಂತೋಷವಾಯಿತು. ಆದರೆ ಛತ್ತಿಗೆ ಮುಟ್ಟುವ ಕಪಾಟು ತರಿಸಿ ಆಟದ ಸಾಮಾನನ್ನೆಲ್ಲ ಅದರೊಳಗೆ ತುಂಬಿಬಿಡುತ್ತೇವೆ ಅಂದೆಯಲ್ಲ, ಆ ಮಾತು ಮನಸ್ಸಿನಿಂದ ಹೋಗುತ್ತಿಲ್ಲ. ಫೋನಿನಲ್ಲಿ ಹೇಳಿದರೆ ಅರ್ಧ ಮರೆಯುತ್ತದೆ. ಕಾಗದವಾದರೆ ಬಡಿಗೇರರ ಮುಂದೆ ಇಟ್ಟು ಓದಬಹುದು.

ಅಂಗನವಾಡಿಯಲ್ಲಿ ಮಕ್ಕಳ ನಡುವೆಯೇ ವಯಸ್ಸು ಕಳೆದವಳು ನಾನು. ಮೇಲಿಟ್ಟದ್ದು ಕಣ್ಣಿಗೆ ಬಿದ್ದರೆ ಮೂರು ವರ್ಷದ ಕೂಸು ಹತ್ತಿಯೇ ತೆಗೆಯುತ್ತದೆ. ಹತ್ತುವುದಕ್ಕೆ ಅದಕ್ಕೆ ಸಿಗುವುದು ಕಪಾಟಿನ ಡ್ರಾವರುಗಳೇ. ಕೆಳಗಿನದನ್ನು ಎಳೆದು ಅದರ ಮೇಲೆ ಕಾಲಿಟ್ಟಿತೆಂದರೆ ಭಾರವೆಲ್ಲ ಮುಂದಕ್ಕೆ ವಾಲಿ ಕಪಾಟು ಕೂಸಿನ ಮೇಲೇ ಬೀಳುತ್ತದೆ. ಅಮೆರಿಕದಲ್ಲಿ ಹೀಗೆ ಮಕ್ಕಳು ತೀರಿಕೊಂಡ ಮೇಲೆ 2016ರಲ್ಲಿ ಐಕಿಯಾ ಕಂಪನಿ ಸುಮಾರು 2.9 ಕೋಟಿ ಡ್ರಾವರ್ ಕಪಾಟುಗಳನ್ನು ವಾಪಸು ಕರೆಯಿತು. 2022ರ ಕೊನೆಗೆ ಆ ದೇಶದಲ್ಲಿ ಇದಕ್ಕೆಂದೇ ಒಂದು ಕಾಯ್ದೆಯೂ ಬಂತು.

ನಮ್ಮ ಕಡೆ ನೆಲವೂ ಸುಮ್ಮನಿಲ್ಲ. 2022ರ ಜುಲೈ 9ರ ಬೆಳಗಿನ ನಡುಕ ನಿನಗೂ ನೆನಪಿರಬೇಕು. ಕನ್ನೂರ ಊರಿನ ಹತ್ತಿರ ಅದರ ಕೇಂದ್ರವಿತ್ತು, ತೀವ್ರತೆ ನಾಲ್ಕು ದಾಟಿತ್ತು. ಅದರ ಹಿಂದಿನ ವರ್ಷವೂ ವಿಜಯಪುರ, ತಿಕೋಟಾ, ಬಸವನ ಬಾಗೇವಾಡಿ ಸುತ್ತ ಜನ ನಡುಕಕ್ಕೆ ಹೆದರಿ ಮನೆಯಿಂದ ಹೊರಗೆ ಓಡಿದ್ದರು. ಆದ್ದರಿಂದ ಎತ್ತರದ ಕಪಾಟು ಇಡಲೇಬೇಕೆಂದಿದ್ದರೆ ಅದನ್ನು ಗೋಡೆಗೆ ಬಿಗಿಸು. ಮೇಲ್ತುದಿಯಲ್ಲಿ ಎರಡು ಕಡೆ ಎಲ್ ಆಕಾರದ ಕಬ್ಬಿಣದ ಪಟ್ಟಿ ಕೂಡಿಸಿ, ಡ್ರಿಲ್ ಹಾಕಿ, ಸ್ಕ್ರೂ ಹೊಡೆಸಬೇಕು. ಎರೆ ನೆಲದ ಮೇಲಿನ ಮನೆಗಳಲ್ಲಿ ಗೋಡೆ ಸೀಳುವುದು ಹೆಚ್ಚು. ಸೀಳಿದ ಕಡೆ, ಗಿಲಾವು ಟೊಳ್ಳಾದ ಕಡೆ ಸ್ಕ್ರೂ ನಿಲ್ಲುವುದಿಲ್ಲ, ಮೊದಲು ಬಡಿದು ನೋಡಿಸು. ಬಾಡಿಗೆ ಮನೆ ಎಂದು ಸಂಕೋಚ ಬೇಡ, ಮಾಲಕರನ್ನು ಕೇಳು. ಬಿಟ್ಟು ಹೋಗುವಾಗ ತೂತಿಗೆ ಒಂದು ಹಿಡಿ ಸಿಮೆಂಟು ಸಾಕು. ಭಾರದ ಕೌದಿ, ಪುಸ್ತಕ ಕೆಳಗಿನ ಖಾನೆಗೆ, ಹಗುರ ಬಟ್ಟೆ ಮೇಲಿನದಕ್ಕೆ. ಕಪಾಟಿನ ತಲೆಯ ಮೇಲೆ ಸೂಟ್‌ಕೇಸು ಪೇರಿಸಬೇಡ.

ಆಟದ ಸಾಮಾನಿಗೆ ಮಾತ್ರ ಬೇರೆ ರ‍್ಯಾಕು ಮಾಡಿಸು: ಬಾಗಿಲಿಲ್ಲದ್ದು, ಕೂಸಿನ ಎದೆಯ ಮಟ್ಟಕ್ಕಿಂತ ಎತ್ತರವಿಲ್ಲದ್ದು, ಅಂಚು ದುಂಡಗೆ ಉಜ್ಜಿದ್ದು. ತಿಕೋಟಾದ ನಿಮ್ಮ ತೋಟದ ಒಣದ್ರಾಕ್ಷಿ ಶೆಡ್ಡಿನಲ್ಲಿ ಸಾಲು ಸಾಲಾಗಿ ಹರವಿರುತ್ತಾರಲ್ಲ, ಹಾಗೆ ಇರುವುದೆಲ್ಲ ಒಂದೇ ನೋಟಕ್ಕೆ ಕಾಣಬೇಕು. 1907ರಲ್ಲಿ ರೋಮ್ ನಗರದಲ್ಲಿ ಮಕ್ಕಳ ಮನೆ ತೆರೆದ ಮರಿಯಾ ಮಾಂಟೆಸರಿ ಕೂಡ ಇದನ್ನೇ ಮಾಡಿದ್ದು. ಮುಂದೆ 1939ರಲ್ಲಿ ಆಕೆ ಮದ್ರಾಸಿಗೆ ಬಂದು ನಮ್ಮ ದೇಶದ ಶಿಕ್ಷಕರಿಗೂ ಕಲಿಸಿದರು. ಕೂಸು ತಾನೇ ತೆಗೆದುಕೊಂಡು ತಾನೇ ತಿರುಗಿ ಇಡುವಂತಿದ್ದರೆ ‘ಎತ್ತಿಡು, ಎತ್ತಿಡು’ ಎಂದು ನೀನು ದಿನವಿಡೀ ಒದರಬೇಕಾಗಿಲ್ಲ.

ಎಲ್ಲವನ್ನೂ ಒಮ್ಮೆಲೇ ಹರಡಬೇಡ. ಏಳೆಂಟು ಸಾಮಾನು ಹೊರಗಿರಲಿ, ಉಳಿದದ್ದು ಡಬ್ಬಿಯಲ್ಲಿ. ವಾರಕ್ಕೊಮ್ಮೆ ಬದಲಿಸಿದರೆ ಹಳೆಯದೇ ಹೊಸದಾಗಿ ಕಾಣುತ್ತದೆ. ಇನ್ನೂ ಓದಲು ಬಾರದ ಕೂಸಿಗೆ ಡಬ್ಬಿಯ ಮೇಲೆ ಚೆಂಡಿನದೋ ಗಾಡಿಯದೋ ಚಿತ್ರ ಅಂಟಿಸು. ನಮ್ಮೂರ ಧೂಳಿಗೆ ತೆರೆದ ರ‍್ಯಾಕು ಬೇಗ ಮಾಸುತ್ತದೆ ನಿಜ. ಹಳೆಯ ಇಳಕಲ್ ಸೀರೆಯ ತುಂಡೊಂದನ್ನು ರಾತ್ರಿ ಇಳಿಬಿಡು.

ತೋಟದ ಪ್ಲಾಸ್ಟಿಕ್ ಕ್ರೇಟುಗಳನ್ನೇ ಬಳಸುತ್ತೇನೆ ಅಂದೆ. ನನಗೆ ಅದು ಒಪ್ಪಿಗೆಯಿಲ್ಲ. ಔಷಧ ಸಿಂಪಡಿಸಿದ ದ್ರಾಕ್ಷಿ ಹೊತ್ತ ಕ್ರೇಟು ಅದು, ಕೂಸು ಬೊಂಬೆಯನ್ನು ಬಾಯಿಗೆ ಹಾಕುತ್ತದೆ. ಬೇಕಿದ್ದರೆ ಹೊಸದು ಕೊಳ್ಳಿ. ನಿನ್ನ ಮದುವೆಯ ಟ್ರಂಕನ್ನೂ ಆ ಖೋಲಿಯಲ್ಲಿ ಇಡಬೇಡ. ಮಕ್ಕಳು ಬಚ್ಚಿಟ್ಟುಕೊಳ್ಳಲು ಅದರೊಳಗೇ ಇಳಿಯುತ್ತವೆ, ಮುಚ್ಚಳ ಬಿದ್ದು ಕೊಂಡಿ ಸಿಕ್ಕರೆ ಒಳಗೆ ಉಸಿರಿಲ್ಲ. ಇಡಲೇಬೇಕೆಂದರೆ ಮುಚ್ಚಳ ಬಿಚ್ಚಿಸಿಬಿಡು.

ಮಲಗುವ ಜಾಗ ಪಡುವಣ ಗೋಡೆಗೆ ಬೇಡ, ಬೇಸಿಗೆಯಲ್ಲಿ ಆ ಗೋಡೆ ರಾತ್ರಿಯಾದರೂ ಕಾದಿರುತ್ತದೆ. ಖಿಡಕಿಗೆ ಅಡ್ಡವಾಗಿ ಏನೂ ಇಡಬೇಡ. ಅದರ ಕೆಳಗೆ ಕೂಸು ಹತ್ತುವಂಥ ಪೆಟ್ಟಿಗೆಯಂತೂ ಬೇಡವೇ ಬೇಡ. ನೆಲಕ್ಕೆ ಒಂದು ಕೌದಿ ಹಾಸಿದರೆ ಅದೇ ಆಟದ ಅಂಗಳ.

ಇನ್ನೊಂದು ಆಸೆ. ರ‍್ಯಾಕಿನ ಮೇಲಿನ ಹಲಗೆ ಖಾಲಿ ಬಿಡು. ನಮ್ಮ ಹಳೆಯ ಮನೆಯ ಮಾಡದಲ್ಲಿ ಕೂಡುತ್ತಿದ್ದ ಹಾಗೆ ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತುಗಳು, ಆಷಾಢದ ಮಂಗಳವಾರ ಗುಳ್ಳವ್ವ ಅಲ್ಲಿ ಕೂಡಲಿ. ಕೂಸು ತನ್ನ ಕೈಯಿಂದಲೇ ಮಾಡಿ ತನ್ನ ಕೈಯಿಂದಲೇ ಇಡಲಿ, ಕಾಲು ಮುರಿದರೆ ಮತ್ತೆ ಮಣ್ಣು ಕಲಸಿದರಾಯಿತು.

ಖೋಲಿಯ ನಾಲ್ಕೂ ಗೋಡೆಯ ಅಳತೆ, ಕೂಸಿನ ಎತ್ತರ, ಕೈ ಮೇಲೆತ್ತಿದಾಗ ಎಲ್ಲಿಗೆ ಮುಟ್ಟುತ್ತದೆ ಎಂಬುದು, ಇಷ್ಟನ್ನು ಬರೆದು ಕಳಿಸು. ಇಲ್ಲಿಯ ಬಡಿಗೇರರು ಬೇವಿನ ಹಲಗೆ ಒಣಗಿಸಿ ಇಟ್ಟಿದ್ದಾರೆ. ರ‍್ಯಾಕು ನನ್ನ ಕಡೆಯಿಂದ, ಅಳಿಯಂದಿರಿಗೂ ಹೇಳು. ಕಪಾಟು ಬರುವ ಮೊದಲೇ ಅದನ್ನು ಗೋಡೆಗೆ ಬಿಗಿಸುವ ಆ ಎರಡು ಪಟ್ಟಿ ತಂದಿಟ್ಟುಕೊಳ್ಳಿ.

ಇಂತಿ ನಿನ್ನ
ದೊಡ್ಡವ್ವ