ಪೆಟ್ಟಿಗೆಗೆ ಮೇಕಪ್ಪು ಸರಿ, ಕಂಠ ಯಾರದು?

ಬೆಳ್ಳಿತೆರೆಯ ಮೇಲೆ ನಾಯಕ ತುಟಿ ಆಡಿಸುತ್ತಾನೆ, ಕಂಠ ಮಾತ್ರ ಇನ್ನೊಬ್ಬರದು. ಚಿತ್ರರಸಿಕರಿಗೆ ಇದೇನು ಹೊಸ ಸಂಗತಿಯಲ್ಲ. ಡಾ. ರಾಜ್‌ಕುಮಾರ್ ಅವರಿಗೆ ಪಿ.ಬಿ. ಶ್ರೀನಿವಾಸ್ ವರ್ಷಗಟ್ಟಲೆ ಹಾಡಿದರು. 1974ರ 'ಸಂಪತ್ತಿಗೆ ಸವಾಲ್' ಚಿತ್ರದಲ್ಲಿ ಜಿ.ಕೆ. ವೆಂಕಟೇಶ್ ಅವರು ಅಣ್ಣಾವ್ರಿಂದಲೇ ಹಾಡಿಸಿದ ಮೇಲೆ ಕಥೆ ಬದಲಾಯಿತು. ಆದರೆ ಈ ಇಬ್ಬರ ದನಿಯನ್ನೂ ನಮ್ಮ ಕಿವಿಗೆ ಮುಟ್ಟಿಸಿದ ಮೂರನೆಯವನೊಬ್ಬನಿದ್ದ. ಪರದೆಯ ಹಿಂದೆ, ಕತ್ತಲಲ್ಲಿ, ಜೇಡರಬಲೆಯ ನಡುವೆ ನಿಂತಿದ್ದವ. ಅವನ ಹೆಸರು ಯಾವ ಟೈಟಲ್ ಕಾರ್ಡಿನಲ್ಲೂ ಬರಲಿಲ್ಲ. ಯಾರು ಬಲ್ಲಿರಾ? ಸ್ಪೀಕರ್ ಪೆಟ್ಟಿಗೆ!

ಟಾಕೀಸಿನ ಪರದೆಯನ್ನು ಹತ್ತಿರ ಹೋಗಿ ನೋಡಿದವರಿಗೆ ಗೊತ್ತು, ಅದರ ತುಂಬ ಸಣ್ಣ ಸಣ್ಣ ತೂತು. ಹಿಂದಿರುವ ಸ್ಪೀಕರಿನ ದನಿ ಆ ತೂತುಗಳಿಂದಲೇ ಹೊರಬರಬೇಕು. 1934ರಲ್ಲಿ 'ಸತಿ ಸುಲೋಚನಾ' ತೆರೆಕಂಡು ಕನ್ನಡ ಚಿತ್ರ ಮಾತು ಕಲಿತ ಮೇಲೆ, ಟೆಂಟಾಗಲಿ ಟಾಕೀಸಾಗಲಿ, ಸ್ಪೀಕರಿಲ್ಲದೆ ಆಟವಿಲ್ಲ. ಆ ಕಾಲದ ವಾಲ್ವ್ ಆಂಪ್ಲಿಫೈಯರುಗಳ ಶಕ್ತಿ ಬಹಳ ಕಡಿಮೆ. ಅಷ್ಟರಲ್ಲೇ ಸಾವಿರ ಜನಕ್ಕೆ ಕೇಳಿಸಬೇಕು. ಅದಕ್ಕೇ ಆ ದೊಡ್ಡ ಪೆಟ್ಟಿಗೆ, ಆ ತುತ್ತೂರಿಯಂಥ ಹಾರ್ನ್. ಎಳೆಯ ಕಿವಿ ಸೆಕೆಂಡಿಗೆ 20,000 ಕಂಪನದವರೆಗೆ ಕೇಳಬಲ್ಲದು. ಫಿಲ್ಮಿನ ಅಂಚಿನ ಹಳೆಯ ಧ್ವನಿಪಟ್ಟಿಯಿಂದ ಬರುತ್ತಿದ್ದದ್ದು ಸುಮಾರು 8,000ದವರೆಗೆ ಮಾತ್ರ. ಹಾಗಾಗಿ ಆ ಸ್ಪೀಕರುಗಳಲ್ಲಿ ಮಾತು, ಹಾಡು ಮುಂದೆ ಬಂದು ನಿಲ್ಲುತ್ತಿದ್ದವು, ಮಿಕ್ಕದ್ದು ಹಿಂದೆ.

ಆಮೇಲೆ ಡಿಜಿಟಲ್ ಧ್ವನಿ ಬಂತು, ಒಂಟಿ ಪರದೆಯ ಟಾಕೀಸುಗಳು ಒಂದೊಂದಾಗಿ ಬಾಗಿಲು ಹಾಕಿದವು. ಹಳೆಯ ಪೆಟ್ಟಿಗೆಗಳು ಗುಜರಿಗೆ ಹೋದವು. ಈಗ ನೋಡಿ, ಅದೇ ಪೆಟ್ಟಿಗೆ ಬಡಗಿಯ ಕೈಯಲ್ಲಿ ಹೊಳಪು ಪಡೆದು, 'ವಿಂಟೇಜ್' ಎಂಬ ಬಿರುದು ಹೊತ್ತು, ಬೆಂಗಳೂರಿನ ಹಾಲುಗಳಲ್ಲಿ ಹೂದಾನಿಯ ಪಕ್ಕ ಕೂತಿದೆ!

ನನಗೆ ಇದೆಲ್ಲ ಬೇಕಾದದ್ದು ಷೋಕಿಗಲ್ಲ. ಜಡೆಯಲ್ಲಿ ನನ್ನ ದೊಡ್ಡಪ್ಪ ಮೂವತ್ತು ವರ್ಷ ಮೈಕ್ ಸೆಟ್ ಬಾಡಿಗೆಗೆ ಕೊಟ್ಟವರು. ಮದುವೆ, ಜಾತ್ರೆ, ಬಯಲಾಟ, ಓಟಿನ ಸಭೆ, ಎಲ್ಲಕ್ಕೂ ಅವರೇ. ಹೊರಗೆ ಮರಕ್ಕೆ ಕಟ್ಟುವ ಅಹೂಜಾ ಹಾರ್ನುಗಳು, ಒಳಗೆ ಚಪ್ಪರದಲ್ಲಿ ಒಂದು ಜೊತೆ ದೊಡ್ಡ ಮರದ ಪೆಟ್ಟಿಗೆ. ದೊಡ್ಡಮ್ಮನ ಆಸ್ಪತ್ರೆ ಖರ್ಚಿಗೆ ಒಂದು ಮಳೆಗಾಲದಲ್ಲಿ ಆ ಜೊತೆ ಮಾರಿಹೋಯಿತು. ಮೂವತ್ತು ವರ್ಷ ಹಾರ್ನಿನ ಬುಡದಲ್ಲಿ ನಿಂತ ಕಿವಿ ಈಗ ಸೋತಿದೆ. ಮೊದಲು ಹೋಗುವುದು ಏರುದನಿಯೇ. "ಗಂಡಸ್ರ ಹಾಡು ಕೇಳ್ತದೆ ತಮ್ಮಾ. ಜಾನಕಮ್ಮ ಮೇಲಕ್ಕೆ ಹೋದ್ರೆ ಸಾಕು, ಯಾರೋ ಬಾಗ್ಲು ಹಾಕ್ದಂಗೆ ಆಗ್ತದೆ" ಅಂದರು. ಉಳಿದ ಕಿವಿಯೂ ಮುಚ್ಚುವ ಮುಂಚೆ ಅವರಿಗೊಂದು ಜೊತೆ ಪೆಟ್ಟಿಗೆ ತರಬೇಕು ಅಂತ ಹಟ ಬಂತು. ಕೈಯಲ್ಲಿದ್ದದ್ದು ಮೂರು ತಿಂಗಳ ಬರವಣಿಗೆಯ ಸಂಭಾವನೆ, ಹದಿನೈದು ಸಾವಿರ. ಅದು ಮುಳುಗಿದರೆ ಮನೆ ಬಾಡಿಗೆಯೂ ಮುಳುಗಿತು ಅಂತಲೇ ಲೆಕ್ಕ.

ಪೇಟೆಯ ಒಂದು ಅಂಗಡಿಗೆ ದೊಡ್ಡಪ್ಪನನ್ನೇ ಕರೆದುಕೊಂಡು ಹೋದೆ. ತೇಗದ ಬಣ್ಣದ ಪೆಟ್ಟಿಗೆ, ಮುಖ ನೋಡಿಕೊಳ್ಳಬಹುದಾದಂಥ ಪಾಲಿಶು. ಬೆಲೆ ಇಪ್ಪತ್ತನಾಲ್ಕು ಸಾವಿರ! ಅಂಗಡಿಯವರು ಹಾಡು ಜೋರಾಗಿ ಹಚ್ಚಿದರು. ದೊಡ್ಡಪ್ಪ ಕೈ ಎತ್ತಿ, "ಮೊದ್ಲು ಅದನ್ನ ಬಂದ್ ಮಾಡಿ" ಅಂದರು. ಕಿವಿ ಸೋತ ಮನುಷ್ಯ ಸ್ಪೀಕರನ್ನು ಹೇಗೆ ಪರೀಕ್ಷೆ ಮಾಡುತ್ತಾನೆ ಅಂತೀರಾ? ಬೆರಳಿನಿಂದ!

ಜಾಲಿ ಬಿಚ್ಚಿಸಿದರು. ಎರಡೂ ಕೈಯ ಬೆರಳುಗಳನ್ನು ಕಾಗದದ ಕೋನಿನ ಮೇಲೆ ಸಮನಾಗಿಟ್ಟು ಮೆಲ್ಲಗೆ ಒತ್ತಿದರು. ಒಳಗಿನ ಕಾಯಿಲ್ ಅಯಸ್ಕಾಂತಕ್ಕೆ ಉಜ್ಜುತ್ತಿದ್ದರೆ ಗರಗರ ಅಂತ ಬೆರಳಿಗೇ ತಿಳಿಯುತ್ತದೆ. ಒಂದು ಉಜ್ಜುತ್ತಿತ್ತು. ಕೋನಿನ ಸುತ್ತಲಿನ ಫೋಮ್ ಅಂಚನ್ನು ಮುಟ್ಟಿದರೆ ರೊಟ್ಟಿಪುಡಿಯಂತೆ ಉದುರಿತು. ಫೋಮಿನ ಆಯಸ್ಸು ಹದಿನೈದು ಇಪ್ಪತ್ತು ವರ್ಷ, ನಮ್ಮ ಮಳೆಸೀಮೆಯ ತೇವಕ್ಕೆ ಅದೂ ಹೆಚ್ಚೇ. ಮಡಿಕೆ ಹಾಕಿದ ಬಟ್ಟೆಯ ಅಂಚಾದರೆ ತಲೆಮಾರು ದಾಟುತ್ತದೆ. ಆಮೇಲೆ ಜೇಬಿನಿಂದ ಒಂದೂವರೆ ವೋಲ್ಟಿನ ಟಾರ್ಚ್ ಸೆಲ್ ತೆಗೆದು ಎರಡಕ್ಕೂ ಒಂದೇ ರೀತಿ ತಾಗಿಸಿದರು. ಒಂದರ ಕೋನ್ ಮುಂದಕ್ಕೆ ಹಾರಿತು, ಇನ್ನೊಂದರದು ಹಿಂದಕ್ಕೆ. ಅಂದರೆ ಯಾರೋ ಬಿಚ್ಚಿ ಬೇರೆ ಸ್ಪೀಕರ್ ಕೂರಿಸಿದ್ದಾರೆ, ಇಲ್ಲವೇ ತಂತಿ ಅದಲುಬದಲಾಗಿದೆ. ಹಿಂಬದಿ ನೋಡಿದರೆ ಎಂಟು ಹಳೆ ಸ್ಕ್ರೂ ನಡುವೆ ಎರಡು ಹೊಸವು ಮಿಂಚುತ್ತಿದ್ದವು. "ಮೇಕಪ್ ಚೆನ್ನಾಗದೆ. ಆದ್ರೆ ಎರಡು ಪೆಟ್ಟಿಗೆ, ಎರಡು ಕಂಠ" ಅಂದರು ದೊಡ್ಡಪ್ಪ. ಅಂಗಡಿಯವರು ಸುಮ್ಮನಾದರು.

ಹೊರಡುವಾಗ ಹಿಂದಿನ ಗೋದಾಮಿನಲ್ಲಿ ಇನ್ನೊಂದು ಜೊತೆ ಕಂಡಿತು. ಮುಚ್ಚಿದ ಯಾವುದೋ ಟಾಕೀಸಿನದು. ಬೂದು ಬಣ್ಣ, ಇಲಿ ಹಿಕ್ಕೆ, ಒಂದು ಮೂಲೆಯಲ್ಲಿ ಪ್ಲೈವುಡ್ ನೀರು ಕುಡಿದು ಉಬ್ಬಿತ್ತು. ಆದರೆ ಬಟ್ಟೆಯ ಅಂಚು, ಕೋನಿಗೆ ಒಂದು ಗೀರಿಲ್ಲ, ಸ್ಕ್ರೂಗಳಿಗೆಲ್ಲ ಒಂದೇ ತುಕ್ಕು. ಮೀಟರ್ ಹಿಡಿದರೆ ಎರಡರದೂ ಒಂದೇ ಅಳತೆ. ಎಂಟು ಓಮಿನ ಸ್ಪೀಕರ್ ಮೀಟರಿನಲ್ಲಿ ಆರು ಆರೂವರೆ ತೋರಿಸಿದರೆ ಗಾಬರಿ ಬೇಡ, ಅದು ಸರಿಯೇ. ಚೌಕಾಸಿ ಮಾಡಿ ಹನ್ನೊಂದು ಸಾವಿರಕ್ಕೆ ಮುಗಿಯಿತು. ಲಗೇಜ್ ಆಟೋ ಬಾಡಿಗೆ ಬೇರೆ.

ಸೊರಬ ಸಾಗರ ಅಂದರೆ ಗುಡಿಗಾರರ ಗಂಧದ ಕೆತ್ತನೆಗೆ ಹೆಸರಾದ ಸೀಮೆ. ಮರಗೆಲಸಕ್ಕೆ ಇಲ್ಲಿ ಕೈಗಳ ಬರವಿಲ್ಲ. ನಮ್ಮ ಬಡಗಿ ಉಬ್ಬಿದ ಹಲಗೆ ಕಿತ್ತು ಹೊಸದು ಕೂರಿಸಿದ. ಬಣ್ಣ ಕೆರೆದು ಪಾಲಿಶ್ ಮಾತ್ರ ದೀಪಾವಳಿ ಕಳೆಯಲಿ ಅಂದ. ಅದೂ ನಿಜವೇ. ಮಳೆಗಾಲದ ತೇವದಲ್ಲಿ ಅರಗಿನ ಪಾಲಿಶ್ ಹೊಡೆದರೆ ಬಿಳೀ ಮಬ್ಬು ಕೂರುತ್ತದೆ. ತೆಳು ತೇಗದ ಪದರ ಅಂಟಿಸಿದ ಮನೆಬಳಕೆಯ ಪೆಟ್ಟಿಗೆಯಾದರೆ ಇನ್ನೂ ಎಚ್ಚರ ಬೇಕು. ಉಜ್ಜುವ ಮಿಷನ್ನು ಒಂದೇ ನಿಮಿಷದಲ್ಲಿ ಆ ಪದರವನ್ನೇ ತಿಂದುಬಿಡುತ್ತದೆ.

ಬಡಗಿ ಕೆರೆಯುತ್ತಾ ಹಿಂಬದಿಗೆ ಬಂದಾಗ ದೊಡ್ಡಪ್ಪ ತಡೆದರು. ಅಲ್ಲಿ ಬಿಳಿ ಬಣ್ಣದಲ್ಲಿ ಯಾರೋ ಕೈಯಾರೆ ಬರೆದಿದ್ದರು: ಒಂದರ ಮೇಲೆ 'ಪರದೆ ಎಡ', ಇನ್ನೊಂದರ ಮೇಲೆ 'ಪರದೆ ಬಲ'. "ಅದನ್ನ ಮುಟ್ಬ್ಯಾಡ. ಬರೆದವ ನಮ್ಮಂಥವನೇ ಇದ್ದಾನು" ಅಂದರು. ಹಾಗೇ ಉಳಿಯಿತು. ಮುಂದೆ ಫಳಫಳ ಹೊಳಪು, ಹಿಂದೆ ಆ ಅಕ್ಷರ.

ಕಾರ್ತಿಕದ ಒಂದು ಸಂಜೆ ಹಚ್ಚಿದೆವು. ಪಿ.ಬಿ.ಎಸ್. ದನಿ ಪಕ್ಕದಲ್ಲೇ ಕೂತು ಹಾಡಿದಂತೆ ಬಂತು. ದೊಡ್ಡಪ್ಪ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದರು. ಆಮೇಲೆ ಎಸ್. ಜಾನಕಿ. ಹಾಡು ಮುಗಿದ ಮೇಲೆ, ಕೇಳಿಸ್ತಾ ದೊಡ್ಡಪ್ಪಾ ಅಂದೆ.

"ಅರ್ಧ ಕೇಳ್ತು. ಇನ್ನರ್ಧ ನಂಗೆ ಬಾಯಿಪಾಠ ಅದೆ" ಅಂದರು.

ಮನೆಯ ಮಕ್ಕಳು ಓಡಿಬಂದು ಪೆಟ್ಟಿಗೆಗೇ ಕಿವಿಯಾನಿಸಿ ನಿಂತವು. ದೊಡ್ಡಪ್ಪ ಅವರನ್ನು ರಟ್ಟೆ ಹಿಡಿದು ಹಿಂದಕ್ಕೆ ಸರಿಸಿ, ವಾಲ್ಯೂಮ್ ತಾವೇ ತಗ್ಗಿಸಿದರು. "ದೂರ ಕೂತು ಕೇಳ್ರೋ. ಕಿವಿ ಕಳ್ಕಂಡದ್ದು ಈ ಮನ್ಯಾಗೆ ನಾನೊಬ್ನೇ ಸಾಕು."