ಹನ್ನೊಂದು ಸೆಕೆಂಡಿನ ಹಿಂದಿನ ಮೂರು ತಿಂಗಳು

ನೂರು ಮೀಟರ್ ಓಟದ ಪಂದ್ಯವನ್ನು ತಾವು ಒಮ್ಮೆಯಾದರೂ ನೋಡಿಯೇ ಇರುವಿರಿ. ಪಿಸ್ತೂಲಿನ ಸದ್ದಾಗುತ್ತದೆ, ಪಕ್ಕದಲ್ಲಿ ಕುಳಿತವರೊಡನೆ ಒಂದು ಮಾತನಾಡಿ ತಿರುಗುವಷ್ಟರಲ್ಲಿ ಓಟ ಮುಗಿದುಹೋಗಿರುತ್ತದೆ. ಕಾಲೇಜು ವಿದ್ಯಾರ್ಥಿಗಳ ಮಟ್ಟದಲ್ಲಿ ಅದು ಹನ್ನೊಂದು, ಹನ್ನೊಂದೂವರೆ ಸೆಕೆಂಡುಗಳ ವ್ಯವಹಾರ. ಇಷ್ಟು ಅಲ್ಪಕಾಲದ ಕೆಲಸಕ್ಕೆ ತಿಂಗಳುಗಟ್ಟಲೆ ಸಿದ್ಧತೆ ಏತಕ್ಕೆಂದು ಕೇಳುವವರಿದ್ದಾರೆ. ನನ್ನ ಸೋದರಮಾವನವರು ಹಾಗೆ ಕೇಳಿದವರಲ್ಲಿ ಮೊದಲಿಗರು. "ಹತ್ತ ಎಣಸೂದ್ರಾಗ ಮುಗಿಯೂ ಕೆಲಸಕ್ಕ ಮೂರು ತಿಂಗಳ ಬೆವರು ಸುರಸಬೇಕೇನೋ?" ಎಂದಿದ್ದರು. ಆಗ ನನ್ನಲ್ಲಿ ಉತ್ತರವಿರಲಿಲ್ಲ. ಈಗ ಇದೆ, ಆದರೆ ಕೇಳಲು ಅವರಿಲ್ಲ. ಆದಕಾರಣ ತಮ್ಮ ಮುಂದೆ ಇಡುತ್ತಿದ್ದೇನೆ.

1973ರಿಂದ 1976ರ ವರೆಗೆ ನಾನು ಧಾರವಾಡದ ಕಾಲೇಜೊಂದರಲ್ಲಿ ಓದುತ್ತಿದ್ದೆ, ಓದಿಗಿಂತ ಹೆಚ್ಚಾಗಿ ಓಡುತ್ತಿದ್ದೆ. ನಮ್ಮ ಕ್ರೀಡಾಕೂಟಗಳೆಲ್ಲ ದೀಪಾವಳಿಯ ನಂತರದವು. ಕಾಲೇಜು ತೆರೆಯುತ್ತಿದ್ದುದು ಜೂನ್ ತಿಂಗಳಲ್ಲಿ. ಮಳೆಗಾಲದ ನಡುವಿನ ಮೂರು ತಿಂಗಳುಗಳು ಪಂದ್ಯವಿಲ್ಲದ, ಪ್ರೇಕ್ಷಕರಿಲ್ಲದ, ಬಹುಮಾನವಿಲ್ಲದ ದಿನಗಳು. ಧಾರವಾಡದ ಮಳೆಯನ್ನು ಬಲ್ಲವರಿಗೆ ವಿವರಿಸಬೇಕಾದ್ದಿಲ್ಲ. ಅದು ಸುರಿದು ನಿಲ್ಲುವ ಮಳೆಯಲ್ಲ. ಜಿಟಿಜಿಟಿಯೆಂದು ವಾರಗಟ್ಟಲೆ ಹಿಡಿದುಕೊಳ್ಳುವ ಮಳೆ. ಹಗ್ಗದ ಮೇಲೆ ಹಾಕಿದ ಚಡ್ಡಿ ಮೂರು ದಿನವಾದರೂ ಒಣಗದು. ತಮ್ಮಲ್ಲಿ ವಿದ್ಯಾರ್ಥಿನಿಲಯಗಳಲ್ಲಿದ್ದು ಓದಿದವರು ಅನೇಕರಿರುವಿರಿ. ಅಂಥ ಮಳೆಯಲ್ಲಿ ಬೆಳಗಿನ ಐದು ಗಂಟೆಗೆ ಕಂಬಳಿಯಿಂದ ಹೊರಬರುವುದೆಂದರೇನೆಂಬುದನ್ನು ತಾವೇ ಊಹಿಸಿಕೊಳ್ಳಬಲ್ಲಿರಿ.

ನಾವು ಐದು ಜನರಿದ್ದೆವು. ಊರಿನ ಹೆಸರಿನಿಂದಲೇ ಒಬ್ಬರನ್ನೊಬ್ಬರು ಕರೆಯುವುದು ನಮ್ಮ ಕಡೆಯ ರೂಢಿ: ರೋಣ, ಕುಂದಗೋಳ, ಹಿರೇಕೆರೂರು, ನರಗುಂದ, ನಾನು ಸವದತ್ತಿ. ಯಾರಾದರೊಬ್ಬನು ಏಳದೆ ಹೋದರೆ ಉಳಿದ ನಾಲ್ವರೂ ಅವನ ಕೋಣೆಯ ಬಾಗಿಲ ಮುಂದೆ ನಿಂತು ಬಡಿಯುತ್ತಿದ್ದೆವು. ಅವನನ್ನು ಬಿಟ್ಟು ಹೋಗುವುದೆಂಬ ಮಾತೇ ಇರಲಿಲ್ಲ. ಇದು ಔದಾರ್ಯವೇನೂ ಅಲ್ಲ. ಒಬ್ಬನಿಗೆ ನಿದ್ರೆಯ ಸುಖ ದೊರೆತರೆ ಉಳಿದವರಿಗೆ ಹೊಟ್ಟೆ ಉರಿಯುತ್ತಿತ್ತು, ಅಷ್ಟೆ.

ನಮ್ಮ ದೈಹಿಕ ಶಿಕ್ಷಣ ನಿರ್ದೇಶಕರು ಮಿತಭಾಷಿಗಳು. ಮೊದಲ ದಿನವೇ ವೇಗವಾಗಿ ಓಡಿ ತೋರಿಸಲು ಕಾತರರಾಗಿದ್ದ ನಮ್ಮನ್ನು ತಡೆದು, "ಇವತ್ತ ಓಡೂದಿಲ್ಲ ತಮ್ಮಾ. ಓಡೂ ಕಾಲ ಕಟ್ಟೂದೈತಿ" ಎಂದರು. ಆ ಕಟ್ಟುವ ಕೆಲಸ ಆರು ವಾರ ನಡೆಯಿತು. ನಿಧಾನವಾದ ದೂರದ ಓಟ, ಹಗ್ಗ ಜಿಗಿಯುವುದು, ಒಂಟಿಗಾಲಿನ ಕುಪ್ಪಳಿಕೆ, ಏರುದಾರಿಯಲ್ಲಿ ಮೊಣಕಾಲನ್ನು ಎದೆಯ ಎತ್ತರಕ್ಕೆ ಎತ್ತಿ ಓಡುವುದು, ಸಂಜೆ ಗರಡಿಮನೆಯ ದಂಡ ಮತ್ತು ಬೈಠಕು. ನೂರು ಮೀಟರನ್ನು ಗಡಿಯಾರ ಹಿಡಿದು ಓಡಲು ಅಪ್ಪಣೆಯಿರಲಿಲ್ಲ. ಇದರ ಅರ್ಥ ತಿಳಿಯದವನಿಗೆ ಅರ್ಥ ತಿಳಿಸಲು ಹಿರೇಕೆರೂರಿನವನ ತೊಡೆಯೇ ಸಾಕ್ಷಿಯಾಗಿದ್ದಿತು. ಹಿಂದಿನ ವರ್ಷ ಜುಲೈ ತಿಂಗಳ ಚಳಿಯಲ್ಲಿ, ಮೈ ಬಿಸಿಯಾಗುವ ಮುನ್ನವೇ, ಯಾರೊಡನೆಯೋ ಪಂಥ ಕಟ್ಟಿ ಪೂರ್ಣ ವೇಗದಲ್ಲಿ ಓಡಿ, ತೊಡೆಯ ಹಿಂಭಾಗದ ಸ್ನಾಯುವನ್ನು ಹರಿದುಕೊಂಡು, ಇಡೀ ವರ್ಷವನ್ನು ಬೆಂಚಿನ ಮೇಲೆ ಕಳೆದಿದ್ದ. ವೇಗವಾಗಿ ಓಡುವಾಗ ಮುಂದಕ್ಕೆ ಬೀಸಿದ ಕಾಲನ್ನು ಹಿಡಿದು ನಿಲ್ಲಿಸುವ ಭಾರವೆಲ್ಲ ಆ ಸ್ನಾಯುವಿನ ಮೇಲೆಯೇ ಬೀಳುತ್ತದೆ. ಮುಂದೊಡೆಯ ಸ್ನಾಯು ಬಲಿತು ಹಿಂದೊಡೆಯದು ಬಲಿಯದಿದ್ದರೆ ಹರಿಯುವುದು ಹಿಂದಿನದೇ.

ಆರು ವಾರಗಳ ಮೇಲೆ ಮುನ್ನೂರು ಮೀಟರಿನ ಓಟಗಳು ಬಂದುವು. ನೂರು ಮೀಟರ್ ಓಡುವವನಿಗೆ ಇವಕ್ಕಿಂತ ದೊಡ್ಡ ಶಿಕ್ಷೆ ಬೇರೆಯಿಲ್ಲ. ಇನ್ನೂರು ಮೀಟರ್ ದಾಟುತ್ತಲೇ ತೊಡೆಗಳಿಗೆ ಬೆಂಕಿ ಹತ್ತುತ್ತದೆ; ಕಾಲು ಎತ್ತಿದರೆ ಏಳದು; ಮುಗಿದ ಮೇಲೆ ಹುಲ್ಲಿನ ಮೇಲೆ ಮೊಣಕಾಲೂರಿ ವಾಂತಿ. ಈ ಮೂರು ತಿಂಗಳುಗಳ ಸ್ನೇಹವೆಂದರೇನೆಂದು ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಯಾವ ವಿಜಯವೂ ಅಲ್ಲ. ವಾಂತಿ ಮಾಡುತ್ತಿರುವವನ ಹಣೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಮತ್ತೊಂದು ಕೈಯಿಂದ ತನ್ನ ಸೊಂಟವನ್ನೇ ಒತ್ತಿಕೊಳ್ಳುತ್ತ, "ಇನ್ನ ಎರಡ ಉಳದಾವ, ಏಳ" ಎನ್ನುತ್ತಿದ್ದ ಕುಂದಗೋಳದವನು. ಹಾಗೆ ಹಣೆ ಹಿಡಿಸಿಕೊಂಡವನೊಡನೆ ಮುಂದೆ ಎಂಥ ಜಗಳವಾದರೂ ಅದು ಪೂರ್ತಿ ಜಗಳವಾಗದು.

ಬಾಯಿ ರುಚಿಗೂ ಮೈಯ ಬಲಕ್ಕೂ ನಮಗಿದ್ದುದು ಜೋಳದ ರೊಟ್ಟಿ, ಮೊಳಕೆ ಬರಿಸಿದ ಹೆಸರುಕಾಳು, ಶೇಂಗಾ ಮತ್ತು ಬೆಲ್ಲ. ನರಗುಂದದವನ ತಾಯಿಯವರು ಬುತ್ತಿ ಕಟ್ಟಿ ಕಳುಹಿಸುತ್ತಿದ್ದರು: ಕಟಕರೊಟ್ಟಿ, ಶೇಂಗಾ ಉಂಡಿ. ಆ ಗಂಟು ಬಂದ ದಿನ ಅದನ್ನು ಅವನ ಕೋಣೆಯಲ್ಲಿಡಲು ನಾವು ಬಿಡುತ್ತಿರಲಿಲ್ಲವೆಂಬುದನ್ನು ಹೇಳಬೇಕಿಲ್ಲವಷ್ಟೆ.

ಕಡೆಯ ತಿಂಗಳು ವೇಗದ ಅಭ್ಯಾಸ. ಇಲ್ಲಿ ಒಂದು ಶಾರೀರಿಕ ಸಂಗತಿಯನ್ನು ಹೇಳಬೇಕು. ಅತಿ ವೇಗದ ಓಟಕ್ಕೆ ಬೇಕಾದ ಶಕ್ತಿಯ ದೊಡ್ಡದೊಂದು ಪಾಲು ಸ್ನಾಯುಗಳಲ್ಲಿ ಸಿದ್ಧವಾಗಿ ಕುಳಿತಿರುವ ಕ್ರಿಯೇಟಿನ್ ಫಾಸ್ಫೇಟ್ ಎಂಬ ವಸ್ತುವಿನಿಂದ ಬರುತ್ತದೆ. ಅದು ಕೆಲವೇ ಸೆಕೆಂಡುಗಳಲ್ಲಿ ತೀರಿಹೋಗುತ್ತದೆ. ಮತ್ತೆ ತುಂಬಲು ಕೆಲವು ನಿಮಿಷಗಳ ವಿಶ್ರಾಂತಿ ಬೇಕು. ಆದುದರಿಂದಲೇ ಎಂಥ ಓಟಗಾರನೂ ನೂರು ಮೀಟರಿನ ಕೊನೆಯವರೆಗೆ ವೇಗ ಹೆಚ್ಚಿಸಿಕೊಂಡು ಹೋಗಲಾರ. 2009ರಲ್ಲಿ ಬರ್ಲಿನ್ನಿನಲ್ಲಿ 9.58 ಸೆಕೆಂಡುಗಳ ವಿಶ್ವದಾಖಲೆ ಮಾಡಿದ ಉಸೇನ್ ಬೋಲ್ಟ್ ಕೂಡ ಅತಿ ವೇಗದಲ್ಲಿದ್ದುದು 60ರಿಂದ 80 ಮೀಟರಿನ ನಡುವೆ. ಕಡೆಯ ಇಪ್ಪತ್ತು ಮೀಟರು ಅವನೂ ನಿಧಾನವಾದವನೇ. ಪ್ರೇಕ್ಷಕರ ಕಣ್ಣಿಗೆ ಕೊನೆಯಲ್ಲಿ ಮುನ್ನುಗ್ಗಿದಂತೆ ಕಾಣುವವನು ನಿಜವಾಗಿ ಉಳಿದವರಿಗಿಂತ ಕಡಿಮೆ ನಿಧಾನವಾದವನು. ಮಾವನವರ ಪ್ರಶ್ನೆಗೆ ಅರ್ಧ ಉತ್ತರ ಇದು: ಮೂರು ತಿಂಗಳ ಬೆವರು ಕೊನೆಯ ಇಪ್ಪತ್ತು ಮೀಟರಿಗೆ.

ವೇಗದ ಓಟಗಳ ನಡುವೆ ಬೇಕಾದ ಆ ವಿಶ್ರಾಂತಿಯನ್ನು ನಾವು ಅರಿತು ಮಾಡಿದ್ದಲ್ಲ. ಅದನ್ನು ನಮಗೆ ದೊರಕಿಸಿದ್ದು ಬಡತನ. ಕಾಲೇಜಿನಲ್ಲಿ ಐವರಿಗೆ ಮೂರು ಜೊತೆ ಸ್ಪೈಕ್ಸ್ ಬೂಟುಗಳಿದ್ದುವು. ಅದರಲ್ಲಿ ಒಂದು ಜೊತೆ ನನಗೂ ರೋಣದವನಿಗೂ ಸೇರಿ. ಅವು ನನ್ನ ಅಳತೆಯವು; ಅವನ ಪಾದ ಚಿಕ್ಕದು. ನಾನು ಅರವತ್ತು ಮೀಟರ್ ಓಡಿ ಬಂದು, ಲೇಸು ಬಿಚ್ಚಿ, ಮೊಳೆಗಳಿಗೆ ಮೆತ್ತಿದ ಕೆಂಪು ಮಣ್ಣನ್ನು ಕಡ್ಡಿಯಿಂದ ಕೆದರಿ ಕೊಟ್ಟರೆ, ಅವನು ಮುಂಗಾಲಿಗೆ ಹತ್ತಿ ತುರುಕಿಕೊಂಡು, ಕಟ್ಟಿಕೊಂಡು ಓಡುತ್ತಿದ್ದ. ಅವನು ಬಂದು ಬಿಚ್ಚಿ, ಹತ್ತಿ ತೆಗೆದು ಕೊಡುವಷ್ಟರಲ್ಲಿ ನನಗೆ ಐದಾರು ನಿಮಿಷಗಳ ಬಿಡುವು. ಈಗಿನ ತರಬೇತುದಾರರು ಗಡಿಯಾರ ನೋಡಿ ಕೊಡುವ ವಿಶ್ರಾಂತಿಯೂ ಹೆಚ್ಚುಕಡಿಮೆ ಅಷ್ಟೆ.

ಇನ್ನು ರಿಲೇ. ನಾಲ್ವರು ನೂರು ನೂರು ಮೀಟರ್ ಓಡುವ ಈ ಪಂದ್ಯದಲ್ಲಿ ಐವರಲ್ಲಿ ಒಬ್ಬನು ಹೊರಗುಳಿಯಲೇಬೇಕೆಂಬುದು ಜೂನ್ ತಿಂಗಳಿನಿಂದಲೂ ನಮಗೆಲ್ಲರಿಗೂ ಗೊತ್ತಿದ್ದಿತು. ಯಾರೂ ಆ ಮಾತೆತ್ತುತ್ತಿರಲಿಲ್ಲ. ರೋಣದವನಿಗೆ ಆ ಸ್ಥಾನದ ಬೆಲೆ ಹೆಚ್ಚು. ಒಣಬೇಸಾಯದ ಮನೆ, ಇಬ್ಬರು ತಂಗಿಯರು; ಕ್ರೀಡೆಯ ಪ್ರಮಾಣಪತ್ರವಿದ್ದರೆ ಪೊಲೀಸ್ ಇಲಾಖೆಯಲ್ಲೋ ರೈಲ್ವೆಯಲ್ಲೋ ಕೆಲಸಕ್ಕೆ ದಾರಿಯಾದೀತೆಂಬ ಆಸೆ. ನನಗೂ ಆಸೆಯಿರಲಿಲ್ಲವೆಂದು ತಿಳಿಯಬೇಡಿರಿ. ನಮ್ಮ ಸರ್ ಅವರು ಕೋಲಾರದಲ್ಲಿ ಹುಟ್ಟಿದ ಕೆನೆತ್ ಪೊವೆಲ್ ಅವರ ಮಾತನ್ನು ಆಗಾಗ ಎತ್ತುತ್ತಿದ್ದರು. ಪೊವೆಲ್ 1964ರ ಟೋಕಿಯೋ ಒಲಿಂಪಿಕ್ಸಿನಲ್ಲಿ ನೂರು ಮೀಟರ್ ಮತ್ತು ರಿಲೇ ಓಡಿದವರು; 1970ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ ರಿಲೇ ತಂಡದೊಡನೆ ಕಂಚಿನ ಪದಕ ಪಡೆದವರು. ಕನ್ನಡ ನಾಡಿನ ಹುಡುಗನೊಬ್ಬನು ಅಲ್ಲಿಯವರೆಗೆ ಹೋಗಿದ್ದನೆಂಬ ಮಾತು ಹತ್ತೊಂಬತ್ತರ ವಯಸ್ಸಿನಲ್ಲಿ ಏನೇನನ್ನು ಮಾಡಿಸುವುದಿಲ್ಲ!

ರಿಲೇಯಲ್ಲಿ ದಂಡವನ್ನು ಪಡೆಯುವವನು ಹಿಂದಿರುಗಿ ನೋಡುವುದಿಲ್ಲ. ಹಿಂದಿನವನು ನೆಲದ ಮೇಲಿನ ಒಂದು ಗುರುತನ್ನು ದಾಟಿದೊಡನೆಯೇ ತಾನು ಓಟ ಆರಂಭಿಸುತ್ತಾನೆ. ಕೂಗು ಕೇಳಿದಾಗ ಕೈಯನ್ನು ಹಿಂದಕ್ಕೆ ಚಾಚುತ್ತಾನೆ. ಆ ಕೈಯೊಳಗೆ ದಂಡ ಬಂದು ಬೀಳಬೇಕು. ಆಗ ಇಪ್ಪತ್ತು ಮೀಟರಿನ ವಲಯದೊಳಗೆ ಇದು ಮುಗಿಯಬೇಕಾಗಿದ್ದಿತು, ಅದಕ್ಕೆ ಮುಂಚೆ ವೇಗ ಪಡೆಯಲು ಹತ್ತು ಮೀಟರ್. ಈಗ ಎರಡನ್ನೂ ಕೂಡಿಸಿ ಮೂವತ್ತು ಮೀಟರಿನ ಒಂದೇ ವಲಯ ಮಾಡಿದ್ದಾರೆ. 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಅಮೆರಿಕದ ಪುರುಷರ ತಂಡ, ಮಹಿಳೆಯರ ತಂಡ ಎರಡೂ ಮೊದಲ ಸುತ್ತಿನಲ್ಲಿಯೇ ದಂಡವನ್ನು ಕೆಳಗೆ ಬೀಳಿಸಿ ಹೊರಬಿದ್ದುವು. 2016ರಲ್ಲಿ ರಿಯೋದಲ್ಲಿ ಜಪಾನಿನ ನಾಲ್ವರಲ್ಲಿ ಅಲ್ಲಿಯವರೆಗೆ ಒಬ್ಬನೂ ಹತ್ತು ಸೆಕೆಂಡಿನೊಳಗೆ ನೂರು ಮೀಟರ್ ಓಡಿದವನಿರಲಿಲ್ಲ. ಆದರೂ ತಂಡ 37.60 ಸೆಕೆಂಡುಗಳಲ್ಲಿ ಬೆಳ್ಳಿಯ ಪದಕ ಗೆದ್ದಿತು. ನಾವಾದರೋ ಬಿದಿರಿನ ತುಂಡೊಂದನ್ನು ಹಿಡಿದು, ಮಳೆ ಬಿಡದ ಸಂಜೆಗಳಲ್ಲಿ ವಿದ್ಯಾರ್ಥಿನಿಲಯದ ಪಡಸಾಲೆಯಲ್ಲಿ ಸಾಲಾಗಿ ನಡೆಯುತ್ತ, "ಹ್ಞಾಂ!" ಎಂದು ಕೂಗುತ್ತ ಹಿಂದಿನಿಂದ ಮುಂದಕ್ಕೆ ದಾಟಿಸುತ್ತಿದ್ದೆವು. ಪರೀಕ್ಷೆಗೆ ಓದುತ್ತಿದ್ದವರ ಶಾಪ ನಮಗೆ ಬಹಳ ತಟ್ಟಿರಬೇಕು.

1975ರ ಅಕ್ಟೋಬರಿನಲ್ಲಿ ಆಯ್ಕೆ ನಡೆಯಿತು. ಮೂರು ಸ್ಥಾನಗಳು ಆಗಲೇ ನಿಶ್ಚಿತವಾದಂತಿದ್ದುವು. ಮೂರನೆಯ ಓಟದ ಸ್ಥಾನಕ್ಕೆ ನಾನು ಮತ್ತು ರೋಣದವನು. ಬೂಟು ಒಂದೇ ಜೊತೆ. ಆದುದರಿಂದ ಜೊತೆಯಾಗಿ ಓಡುವಂತಿಲ್ಲ. ಅವನು ಮೊದಲು ಓಡಿದ: 11.4. ಬೂಟು ಬಿಚ್ಚಿ, ಹತ್ತಿ ತೆಗೆದು, ಮಣ್ಣು ಕೆದರಿ ಕೊಟ್ಟ. ಅಂದು ಅವನು ಎಂದಿಗಿಂತಲೂ ಹೆಚ್ಚು ಹೊತ್ತು, ಒಂದೊಂದು ಮೊಳೆಯನ್ನೂ ಬಿಡದೆ ಕೆದರಿದ. ನಾನು ಓಡಿದೆ: 11.5. ಕೈಗಡಿಯಾರದ ಹತ್ತನೆಯ ಒಂದು ಸೆಕೆಂಡು ಹಿಡಿಯುವವರ ಹೆಬ್ಬೆರಳಿನದೂ ಆಗಿರಬಹುದೆಂದು ಬಲ್ಲವರು ಹೇಳುತ್ತಾರೆ; ಹೌದು, ಆಗಿರಬಹುದು. ಆದರೆ ಮೂರನೆಯವನು ಓಡಬೇಕಾದುದು ತಿರುವಿನಲ್ಲಿ, ಒಳಗೆರೆಗೆ ಅಂಟಿಕೊಂಡು. ನಾನು ಎತ್ತರದವನು, ತಿರುವಿನಲ್ಲಿ ಮೈ ಹೊರಕ್ಕೆ ಎಳೆಯುತ್ತಿತ್ತು. ಅವನು ಗಿಡ್ಡ, ಗೆರೆಯನ್ನು ಬಿಡುತ್ತಿರಲಿಲ್ಲ. ಸರ್ ಅವರ ತೀರ್ಪಿನಲ್ಲಿ ನನಗೆ ಅಂದೂ ಕೊರತೆ ಕಾಣಲಿಲ್ಲ. ಆದರೆ ರಾತ್ರಿ ಊಟ ಸೇರಲಿಲ್ಲ.

ಮರುದಿನ ಬೆಳಿಗ್ಗೆ ಐದಕ್ಕೆ ನನ್ನ ಬಾಗಿಲು ಬಡಿದದ್ದು ಅವನೇ. ನಾನು ಮಾತಾಡಲಿಲ್ಲ, ಅವನೂ ಮಾತಾಡಲಿಲ್ಲ. ಮೈದಾನಕ್ಕೆ ಹೋದೆವು. ಸರ್ ಅವರು ನನ್ನ ಕೈಯಲ್ಲಿ ಅಳತೆಯ ಪಟ್ಟಿಯನ್ನಿಟ್ಟು, "ಐದನೇದಾಂವ ಸಡಿಲ ಆದ್ರ ನಾಲ್ಕೂ ಮಂದಿ ಸಡಿಲ ಆಗ್ತಾರ" ಎಂದಷ್ಟೇ ಹೇಳಿದರು. ಅಂದಿನಿಂದ ನಾನು ಓಟದ ಜೊತೆಗೆ ಗುರುತುಗಳ ಅಧಿಕಾರಿಯೂ ಆದೆ.

ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯದ ಕ್ರೀಡಾಕೂಟ. ಬೆಳಗಿನ ರಿಲೇ ಸುತ್ತಿನಲ್ಲಿ ನಮ್ಮವರು ಗೆದ್ದರೂ, ಎರಡನೆಯ ಬದಲಾವಣೆಯಲ್ಲಿ ಕುಂದಗೋಳದವನು ರೋಣದವನ ಬೆನ್ನಿಗೆ ಬಂದು ಮುಗ್ಗರಿಸುವಂತಾಯಿತು. ಹೊರಗೆ ನಿಂತಿದ್ದ ನನಗೆ ಅದು ಸ್ಪಷ್ಟವಾಗಿ ಕಂಡಿತು, ಓಡುತ್ತಿದ್ದವರಿಗೆ ಕಾಣದು. ಗುರುತು ಹತ್ತಿರವಾಗಿದ್ದಿತು, ಆದ್ದರಿಂದ ಇವನು ಹೊರಡುವುದು ತಡವಾಗುತ್ತಿತ್ತು. "ಇಪ್ಪತ್ತೊಂದ ಹೆಜ್ಜಿ ಬ್ಯಾಡ, ಇಪ್ಪತ್ತೆರಡ ಮಾಡು" ಎಂದೆ. ತನ್ನ ಸ್ಥಾನಕ್ಕಾಗಿ ತನ್ನೊಡನೆ ಓಡಿ ಸೋತವನ ಮಾತನ್ನು ಅವನು ನಂಬದಿರಲು ಕಾರಣಗಳಿದ್ದುವು. ಅವನು ಎದ್ದು ಹೋಗಿ ಹೆಜ್ಜೆಯ ಮುಂದೆ ಹೆಜ್ಜೆಯಿಟ್ಟು ಇಪ್ಪತ್ತೆರಡು ಎಣಿಸಿದ.

ಮಧ್ಯಾಹ್ನ ನಾನು ಇನ್ನೂರು ಮೀಟರ್ ಓಡಿ ಉಪಾಂತ್ಯದಲ್ಲಿ ಐದನೆಯವನಾಗಿ ಹೊರಬಿದ್ದೆ. ರಿಲೇಯ ಅಂತಿಮ ಓಟಕ್ಕೆ ಮುಕ್ಕಾಲು ಗಂಟೆ ಉಳಿದಿದ್ದಿತು. ಅಲ್ಲಿಯೇ ಹುಲ್ಲಿನ ಮೇಲೆ ಕುಳಿತು ಬೂಟು ಬಿಚ್ಚಿ ಮೊಳೆಗಳನ್ನು ಕೆದರಿದೆ. ಜೇಬಿನಲ್ಲಿದ್ದ ಹತ್ತಿಯನ್ನು ಅವನಿಗೆ ಬೇಕಾದಷ್ಟೇ, ಎರಡೂ ಕಡೆ ಸಮನಾಗಿ ತುರುಕಿದೆ. ಅದರ ಅಳತೆ ನನ್ನ ಬೆರಳುಗಳಿಗೆ ಆ ವೇಳೆಗೆ ಅವನಷ್ಟೇ ಚೆನ್ನಾಗಿ ಗೊತ್ತಿದ್ದಿತು. ಅವನು ಕಾಲು ಚಾಚಿದ, ಲೇಸು ನಾನೇ ಕಟ್ಟಿದೆ.

ನಮ್ಮ ತಂಡ ಮೂರನೆಯದಾಗಿ ಬಂದಿತು. ಮೊದಲೆರಡು ತಂಡಗಳು ನಿಜವಾಗಿಯೂ ನಮಗಿಂತ ಬಲವಾದವು. ಎರಡನೆಯ ಬದಲಾವಣೆ ಮಾತ್ರ ಅಂದಿನ ಎಲ್ಲ ಬದಲಾವಣೆಗಳಲ್ಲಿ ಅಚ್ಚುಕಟ್ಟಾದುದೆಂದು ಈಗಲೂ ವಾದಿಸಲು ನಾನು ಸಿದ್ಧ. ಪ್ರಮಾಣಪತ್ರ ನಾಲ್ವರಿಗೆ ಬಂದಿತು. ರೋಣದವನು ಎರಡು ವರ್ಷಗಳ ಮೇಲೆ ಪೊಲೀಸ್ ಇಲಾಖೆಗೆ ಸೇರಿ, ಇಬ್ಬರು ತಂಗಿಯರ ಮದುವೆಯನ್ನೂ ಮಾಡಿದ. ಆ ಬೂಟುಗಳನ್ನು 1976ರಲ್ಲಿ ಕಾಲೇಜು ಬಿಡುವಾಗ ಕೋಣೆಗೆ ಒಪ್ಪಿಸಿ ಸಹಿ ಮಾಡಿ ಬಂದೆವು. ಆರು ಮೊಳೆಗಳಲ್ಲಿ ಬಲಗಾಲಿನದೊಂದು ಅದಾಗಲೇ ಸಡಿಲವಾಗಿದ್ದಿತು. ಅದನ್ನು ಜೂನಿಗೆ ಮೊದಲು ಬಿಗಿ ಮಾಡಿಸಬೇಕೆಂದು ರೋಣದವನು ಪುಸ್ತಕದ ಅಂಚಿನಲ್ಲಿ ಬರೆದ.