ಕೋಡಿ ಎಲ್ಲೈತಿ?

ಹೈದರಾಬಾದಿಗೆ ಬಂದು ಹದಿನೇಳು ವರ್ಷವಾಯಿತು. ಸಿಕಂದರಾಬಾದಿನಿಂದ ಹೈದರಾಬಾದಿಗೆ ನಾನು ನಡೆದುಕೊಂಡು ಹೋದದ್ದು ಒಂದೇ ಸಲ. ಅದೂ ನಾನಾಗಿ ನಡೆದದ್ದಲ್ಲ, ಅಪ್ಪ ನಡೆಸಿದ್ದು.

ಇವೆರಡೂ ಅವಳಿ ನಗರಗಳು ಅಂತ ಶಾಲೆಯಲ್ಲೇ ಓದಿದ್ದೆವು. ಹೈದರಾಬಾದು ಕುತುಬ್‌ಶಾಹಿಗಳು 1591ರಲ್ಲಿ ಕಟ್ಟಿದ ಊರು. ಸಿಕಂದರಾಬಾದು ಬ್ರಿಟಿಷರ ದಂಡು ಬೀಡುಬಿಟ್ಟ ಜಾಗ. 1806ರಲ್ಲಿ ನಿಜಾಮ ಸಿಕಂದರ್ ಜಾನ ಹೆಸರು ಅದಕ್ಕೆ ಬಂತು. ಅವಳಿಗಳ ನಡುವೆ ಇನ್ನೂರು ವರ್ಷಕ್ಕೂ ಹೆಚ್ಚಿನ ಅಂತರ! ನಡುವೆ ಹುಸೇನ್ ಸಾಗರ, ಅದರ ಏರಿಯೇ ಈಗಿನ ಟ್ಯಾಂಕ್ ಬಂಡ್ ರಸ್ತೆ. ಇಬ್ರಾಹಿಂ ಕುಲಿ ಕುತುಬ್ ಶಾನ ಕಾಲದಲ್ಲಿ, 1560ರ ದಶಕದಲ್ಲಿ ಕಟ್ಟಿದ ಆ ಏರಿ ಎರಡು ಊರಿಗಿಂತಲೂ ಹಿರಿದು. ನಲ್ಲಗಂಡ್ಲದ ಅಪಾರ್ಟ್‌ಮೆಂಟಿನಲ್ಲಿರುವ ನನ್ನಂಥವರಿಗೆ ಮಾತ್ರ ಇದೆಲ್ಲ ಸೇರಿ ಒಂದೇ: 'ಸಿಟಿ ಕಡೆ'. ಫ್ಲೈಓವರ್ ಹತ್ತಿ, ಫ್ಲೈಓವರ್ ಇಳಿದು, ಗಾಜು ಏರಿಸಿಕೊಂಡು ಹೋಗಿಬರುವ ದಿಕ್ಕು.

ಅದು 2024ರ ಆಗಸ್ಟ್ 11, ಭಾನುವಾರ. ಅಪ್ಪ ಬಂದು ಮೂರು ವಾರವಾಗಿತ್ತು. ಅವ್ವ ಹೋಗಿ ಎರಡು ವರ್ಷ. ಕಾರಟಗಿ ಹತ್ತಿರದ ಊರಿನಲ್ಲಿ ಒಬ್ಬನೇ ಇರುವುದು ಬೇಡ, ಇಲ್ಲೇ ಇರಲಿ ಅಂತ ನಾನೂ ನನ್ನ ಹೆಂಡತಿಯೂ ನಿಶ್ಚಯಿಸಿದ್ದೆವು. ಅಪ್ಪ ಹೂಂ ಅಂದಿರಲಿಲ್ಲ, ಊಹೂಂ ಅಂತಲೂ ಅಂದಿರಲಿಲ್ಲ. ಬೆಳಿಗ್ಗೆ ಎದ್ದು ಅಪಾರ್ಟ್‌ಮೆಂಟಿನ ಸುತ್ತ ಇಪ್ಪತ್ತು ಸುತ್ತು ಹಾಕಿ ಬರುತ್ತಿದ್ದ. "ವಾಕಿಂಗ್ ಆತೇನಪ್ಪಾ?" ಅಂದರೆ, "ಗಾಣದ ಎತ್ತು ಆಗೇನಿ" ಅನ್ನುತ್ತಿದ್ದ.

ಆ ಬೆಳಿಗ್ಗೆ ಸುತ್ತು ಹಾಕಲು ಹೋಗಲಿಲ್ಲ. ಹಿಂದಿನ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಗಿತ್ತು. ತುಂಬಿದ ಡ್ಯಾಮು. ಒತ್ತಡ ತಗ್ಗಿಸಲು ಬೇರೆ ಗೇಟುಗಳನ್ನೂ ತೆರೆದಿದ್ದರು. ಟಿವಿಯಲ್ಲಿ ಅದೇ ದೃಶ್ಯ ಮತ್ತೆ ಮತ್ತೆ. ಅಪ್ಪ ಟಿವಿಯ ಎದುರು ಕುರ್ಚಿಯ ತುದಿಗೆ ಕೂತಿದ್ದ. "ಡ್ಯಾಮಿಗೂ ನನಗೂ ಒಂದ ವಯಸ್ಸು. ರಾತ್ರಿ ಬಸ್ಸಿಗೆ ಸೀಟು ಮಾಡು" ಅಂದ.

ಅಪ್ಪ ಎಡದಂಡೆ ಕಾಲುವೆಯ ಮೇಲೆ ಗ್ಯಾಂಗ್‌ಮನ್ ಆಗಿದ್ದವನು. ಡ್ಯಾಮಿನ ಆ ದಂಡೆ ಆಗ ನಿಜಾಮರ ಸೀಮೆ, ಈ ದಂಡೆ ಮದ್ರಾಸಿನದು. 1945ರಲ್ಲಿ ಎರಡೂ ಸರ್ಕಾರ ಸೇರಿ ಶಂಕುಸ್ಥಾಪನೆ ಮಾಡಿ, 1953ರಲ್ಲಿ ನೀರು ನಿಲ್ಲಿಸಿದವು. ಹೈದರಾಬಾದಿನ ರೊಕ್ಕದಲ್ಲಿ ತೋಡಿದ ಕಾಲುವೆ ನಮ್ಮೂರಿಗೆ ಭತ್ತ ತಂದಿತು. ಭತ್ತದ ಬೆನ್ನಿಗೆ ಆಂಧ್ರದ ರೈತರು ಬಂದರು. ಗಂಗಾವತಿಯಿಂದ ಸಿಂಧನೂರಿನವರೆಗೆ ಅವರ 'ಕ್ಯಾಂಪು'ಗಳು. ಅಪ್ಪನ ತೆಲುಗು ಆ ಕ್ಯಾಂಪುಗಳ ತೆಲುಗು. ನೀರು ಹುಡುಕಿಕೊಂಡು ಅವರು ಅಲ್ಲಿಗೆ ಬಂದರು, ಕೆಲಸ ಹುಡುಕಿಕೊಂಡು ನಾನು ಇಲ್ಲಿಗೆ ಬಂದೆ.

ಆ ದಿನ ಸಿಕಂದರಾಬಾದಿನಲ್ಲಿ ನಮ್ಮ ಕಡೆಯವರೊಬ್ಬರ ಮನೆಯಲ್ಲಿ ತೊಟ್ಟಿಲ ಕಾರ್ಯವಿತ್ತು. ಅಪ್ಪನ ಚೀಲ ಹಿಡಿದುಕೊಂಡೇ ಹೋಗಿದ್ದೆವು. ಊಟವಾದ ಮೇಲೆ ಹೆಂಡತಿ, ಮಗಳು ಕಾರಿನಲ್ಲಿ ಮನೆಗೆ ಹೋದರು. ಬಸ್ಸು ಇದ್ದದ್ದು ರಾತ್ರಿ ಒಂಬತ್ತಕ್ಕೆ, ಮಹಾತ್ಮ ಗಾಂಧಿ ಬಸ್ ನಿಲ್ದಾಣದಿಂದ. ರೈಲ್ವೆ ಸ್ಟೇಷನ್ ಎದುರು ನಿಂತು ಕ್ಯಾಬ್ ಹುಡುಕಿದೆ. ಒಬ್ಬ ಒಪ್ಪಿಕೊಂಡು ರದ್ದು ಮಾಡಿದ, ಇನ್ನೊಬ್ಬ ಹನ್ನೆರಡು ನಿಮಿಷ ಅಂತ ತೋರಿಸಿ ಅಲ್ಲೇ ನಿಂತ.

"ಹೈದರಾಬಾದು ಎಷ್ಟು ದೂರ ಐತಿ?"

"ಏರಿ ದಾಟಿದರೆ ಬಂತು. ಐದಾರು ಕಿಲೋಮೀಟರ್."

"ಅಷ್ಟಕ್ಕ ಗಾಡಿ ಯಾಕ? ನಡಿ."

ಚೀಲ ನಾನು ಹೊತ್ತೆ. ಗಡಿಯಾರ ಗೋಪುರ, ಪ್ಯಾಟ್ನಿ, ಎಂ.ಜಿ. ರಸ್ತೆ, ರಾಣಿಗಂಜ್. ಫುಟ್‌ಪಾತ್ ಇದ್ದಲ್ಲಿ ಬೈಕು ನಿಂತಿದ್ದವು, ಬೈಕು ಇಲ್ಲದಲ್ಲಿ ಫುಟ್‌ಪಾತೇ ಇರಲಿಲ್ಲ. ಪ್ರತಿ ಐವತ್ತು ಹೆಜ್ಜೆಗೆ ರಸ್ತೆಗಿಳಿದು ಮತ್ತೆ ಹತ್ತಬೇಕು. ನಾನು ಅಪ್ಪನ ತೋಳು ಹಿಡಿಯಲು ಹೋದೆ, ಕೊಸರಿಕೊಂಡ. ರಾಣಿಗಂಜಿನಲ್ಲಿ ಮೋಟಾರು, ಪಂಪು, ವಾಲ್ವಿನ ಅಂಗಡಿಗಳ ಬೋರ್ಡು ಕಂಡಾಗ ಮಾತ್ರ ನಿಧಾನವಾದ. ನಮ್ಮ ಲಿಪಿಗೂ ತೆಲುಗಿಗೂ ದಾಯಾದಿ ಸಂಬಂಧವಲ್ಲವೆ, ಕೂಡಿಸಿ ಕೂಡಿಸಿ ಓದುತ್ತಿದ್ದ.

ಏರಿ ಹತ್ತಿದಾಗ ಬಿಸಿಲು ಇಳಿದಿತ್ತು. ಬಲಕ್ಕೆ ನೀರು, ನೀರಿನ ನಡುವೆ ಬುದ್ಧ. ಅದರ ಕತೆ ಹೇಳಿದೆ: 1990ರಲ್ಲಿ ದೋಣಿಯ ಮೇಲೆ ಸಾಗಿಸುವಾಗ ಮಗುಚಿ ಜನ ಸತ್ತರು, ವಿಗ್ರಹ ಕೆರೆಯ ತಳ ಸೇರಿತು, 1992ರಲ್ಲಿ ಮೇಲೆತ್ತಿ ನಿಲ್ಲಿಸಿದರು. ಅಪ್ಪ ಹೂಂಗುಟ್ಟಿದ, ಆದರೆ ಬುದ್ಧನ ಕಡೆ ತಿರುಗಲಿಲ್ಲ. ಎಡಕ್ಕೆ, ಏರಿಯ ಕೆಳಗೆ ನೋಡುತ್ತಿದ್ದ.

"ಏನ್ ನೋಡಾಕತ್ತೀ?"

"ಏರಿ ಮ್ಯಾಲ ನಡಿಯಾಂವ ನೀರು ನೋಡಬಾರದು. ಒಣಾ ಕಡಿ ನೋಡಬೇಕು."

ಆಮೇಲೆ ಬಿಡಿಸಿ ಹೇಳಿದ. ಮಣ್ಣಿನ ಏರಿ ಅಂದ ಮೇಲೆ ಜಿನುಗುವುದು ಸಹಜ. ಬುಡದಲ್ಲಿ ತಿಳಿನೀರು ಬಂದರೆ ಗಾಬರಿ ಬೇಡ, ಕಣ್ಣಿಟ್ಟರೆ ಸಾಕು. ಕದಡಿದ ನೀರು ಬಂದರೆ ಏರಿ ಒಳಗೊಳಗೇ ತನ್ನ ಮಣ್ಣು ಕಳೆದುಕೊಳ್ಳುತ್ತಿದೆ ಅಂತ ಅರ್ಥ. ಏಡಿ ಬಿಲ, ಇಲಿ ಬಿಲ, ಸತ್ತ ಮರದ ಬೇರು, ಯಾವುದರಿಂದಲೂ ಶುರುವಾಗಬಹುದು. ಮೇಲಿನಿಂದ ಏನೂ ಕಾಣುವುದಿಲ್ಲ. ಅದಕ್ಕೇ ದಿನಾ ನಡೆಯಬೇಕು, ನಿನ್ನೆ ಒಣಗಿದ್ದ ಜಾಗ ಇವತ್ತು ಹಸಿಯಾಗಿದೆಯೇ ಅಂತ ನೋಡಬೇಕು. ಮೂವತ್ತು ವರ್ಷ ಅಪ್ಪ ಮಾಡಿದ್ದು ಅದನ್ನೇ.

ನನ್ನ ಕೆಲಸದಲ್ಲಿ 'ಕಲ್ಲಂಗಡಿ ಪ್ರಾಜೆಕ್ಟ್' ಅನ್ನುವ ಮಾತಿದೆ. ಸ್ಟೇಟಸ್ ವರದಿಯಲ್ಲಿ ಎಲ್ಲ ಹಸಿರು, ಕೊಯ್ದರೆ ಕೆಂಪು. ಅಂಥ ಹಸಿರು ವರದಿಗಳಿಗೆ ನಾನೂ ಸಹಿ ಹಾಕಿದ್ದೇನೆ. ಅಪ್ಪನ ಮಾತು ಕೇಳುವಾಗ ಅದು ನೆನಪಾಯಿತು. ಅಪ್ಪನನ್ನು ನಮ್ಮಲ್ಲಿಗೆ ಕರೆತರುವುದನ್ನೂ ನಾನು ಹಾಗೇ ನಡೆಸಿದ್ದೆ. ಕೋಣೆ ಆಯಿತು, ಮಂಚ ಆಯಿತು, ಡಾಕ್ಟರರ ಅಪಾಯಿಂಟ್‌ಮೆಂಟ್ ಆಯಿತು, ಎಲ್ಲ ಹಸಿರು. ಮೂರು ವಾರದಲ್ಲಿ ಒಮ್ಮೆಯೂ ಅವನ ಜೊತೆ ನಡೆದಿರಲಿಲ್ಲ.

ಮೂರ್ತಿಗಳು ಒಂದೊಂದಾಗಿ ಬಂದವು. ಎನ್.ಟಿ. ರಾಮರಾವ್ ಮುಖ್ಯಮಂತ್ರಿಯಾಗಿದ್ದಾಗ, 1986ರಲ್ಲಿ ನಿಲ್ಲಿಸಿದ 33 ಮೂರ್ತಿಗಳು.

"ನಮ್ಮ ಡ್ಯಾಮಿನ ಗೇಟೂ ಮೂವತ್ಮೂರ" ಅಂದ ಅಪ್ಪ. ಆಮೇಲೆ, "ಈಗ ಮೂವತ್ತೆರಡು."

ಹೆಸರು ಓದುತ್ತ ಹೋದೆವು. ಬಳ್ಳಾರಿ ರಾಘವ ಕಂಡಾಗ ಅಪ್ಪನಿಗೆ ಬಳಗದವರು ಸಿಕ್ಕಷ್ಟು ಖುಷಿ. ಕೃಷ್ಣದೇವರಾಯನ ಮುಂದೆ ನಿಂತು, ಹಂಪಿಯಲ್ಲಿ ವಿಜಯನಗರದವರು ತೋಡಿದ ತುರ್ತು ಕಾಲುವೆ ಇವತ್ತಿಗೂ ಹರಿಯುತ್ತಿರುವುದನ್ನು ನೆನೆಸಿಕೊಂಡ. ಸರ್ ಆರ್ಥರ್ ಕಾಟನ್ ಯಾರು ಅಂತ ಕೇಳಿದ. ಗೋದಾವರಿಗೆ ಧವಳೇಶ್ವರದಲ್ಲಿ ಆಣೆಕಟ್ಟು ಕಟ್ಟಿಸಿದ ಇಂಜಿನಿಯರ್ ಅಂದೆ. "ಅಂತೂ ನೀರಿನ ಕೆಲಸದಾಂವ ಒಬ್ಬ ಅದಾನ" ಅಂದು ಕೈಮುಗಿದ. "ಮತ್ತ ಈ ಏರಿ ಕಟ್ಟಿದಾಂವ ಎಲ್ಲಿ?"

ಕಟ್ಟಿಸಿದವನು ಹುಸೇನ್ ಶಾ ವಲಿ. ನಮಗೆ ಅವನ ಮೂರ್ತಿ ಕಾಣಲಿಲ್ಲ. "ಕೆರೆಗೇ ಅವನ ಹೆಸರು ಇದೆಯಲ್ಲ" ಅಂದೆ.

"ಹಂಗಾದ್ರ ಸಾಕು" ಅಂದ. ಸ್ವಲ್ಪ ದೂರ ಹೋಗಿ ಮತ್ತೆ ನಿಂತ. "ಕೋಡಿ ಎಲ್ಲೈತಿ ತಮ್ಮಾ?"

ನನಗೆ ಗೊತ್ತಿರಲಿಲ್ಲ. ಹದಿನೇಳು ವರ್ಷದಲ್ಲಿ ಈ ಏರಿಯ ಮೇಲೆ ನೂರಾರು ಸಲ ಕಾರಿನಲ್ಲಿ ಹಾದಿದ್ದೇನೆ. ತುಂಬಿದ ಕೆರೆಯ ನೀರು ಎಲ್ಲಿಂದ ಹೊರಗೆ ಹೋಗುತ್ತದೆ ಅಂತ ಒಮ್ಮೆಯೂ ಯೋಚಿಸಿರಲಿಲ್ಲ. ಫೋನು ತೆಗೆದೆ. ಅಷ್ಟರಲ್ಲಿ ಅಪ್ಪ ಮೆಕ್ಕೆಜೋಳ ಸುಡುತ್ತಿದ್ದವನ ಹತ್ತಿರ ಹೋಗಿ, "ಅಲುಗು ಎಕ್ಕಡುಂದಿ ಬಾಬು?" ಅಂತ ಕೇಳಿದ. ಅವನು ಬೀಸಣಿಗೆಯನ್ನು ನಾವು ಬಂದ ದಾರಿಯತ್ತ ತೋರಿಸಿದ. ದೊಡ್ಡ ಹೋಟೆಲಿನ ಪಕ್ಕ, ದಾಟಿ ಬಂದಿದ್ದೆವು.

ತಿರುಗಿ ಹೋದರೆ ಬಸ್ಸು ತಪ್ಪುತ್ತಿತ್ತು. "ಇರಲಿ, ನೀ ಒಮ್ಮೆ ನೋಡಿ ಹೇಳು" ಅಂದ. ಅಂಬೇಡ್ಕರ್ ಪ್ರತಿಮೆಯ ಹತ್ತಿರ ಆಟೊ ಹತ್ತಿದೆವು. ಬಸ್ಸು ಬಿಡುವಾಗ, "ಗೇಟಿನದು ಮುಗಿದ ಮೇಲೆ ಬರ್ತೀಯಲ್ಲ?" ಅಂದೆ. "ಮೊದಲ ಅದು ಕೂಡ್ರಲಿ" ಅಂದ.

ಆಗಸ್ಟ್ 17ರ ಹೊತ್ತಿಗೆ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ಹರಿವು ನಿಲ್ಲಿಸಿದರು. ಅಪ್ಪನ ಫೋನು ಬಂತು: "ನೀರು ನಿಂತು!" ಅಷ್ಟು ಎತ್ತರದ ದನಿ ಅವ್ವ ಹೋದ ಮೇಲೆ ನಾನು ಕೇಳಿರಲಿಲ್ಲ. ಯಾವಾಗ ಬರ್ತೀ ಅಂತ ಕೇಳಬೇಕೆಂದುಕೊಂಡೆ. ಅಷ್ಟರಲ್ಲಿ ಅವನೇ, "ಕೋಡಿ ನೋಡಿದೇನು?" ಅಂದ.

ಮರುದಿನ ಭಾನುವಾರ. ಒಬ್ಬನೇ ಹೋದೆ, ಏರಿಯ ಒಣ ಕಡೆ ನೋಡುತ್ತ ನಡೆದೆ. ಕೋಡಿ ಸಿಕ್ಕಿತು. ಅಲ್ಲಿಂದ ಹೊರಡುವ ನಾಲೆ ಅಶೋಕನಗರದ ಕಡೆ ಹಾದು ಮೂಸಿಯನ್ನು ಸೇರುತ್ತದೆ. ಅದರ ಅಂಚಿಗೇ ಮನೆಗಳು, ಒಣಹಾಕಿದ ಬಟ್ಟೆಗಳು, ಗೋಡೆಗೆ ಒರಗಿಸಿದ ಮಕ್ಕಳ ಸೈಕಲ್ಲು. ನಾನು ಗಾಜು ಏರಿಸಿಕೊಂಡು ಹಾದುಹೋಗುತ್ತಿದ್ದಾಗಲೆಲ್ಲ ಇವರು ಏರಿಯ ಕೆಳಗೆ ಇದ್ದರು. ಅಪ್ಪನಿಗೆ ಫೋನು ಮಾಡಿ ಹೇಳಿದೆ: "ನೀರು ಕರ್ರಗ ಐತಿ, ನಾತ ಹೊಡಿತೈತಿ."

"ಅದು ಊರಿನ ರೋಗ, ಏರಿದಲ್ಲ. ಬುಡ ಒಣಗೈತಿಲ್ಲೋ?"

"ನಾ ನೋಡಿದಷ್ಟು ಒಣಗೈತಿ."

"ಮತ್ತ ನೋಡು" ಅಂದ.

ಅಪ್ಪ ನಮ್ಮಲ್ಲಿಗೆ ಬಂದು ನೆಲೆಸಲಿಲ್ಲ. ನಾನೂ ಮತ್ತೆ ಒತ್ತಾಯಿಸಿಲ್ಲ. ವರ್ಷಕ್ಕೆರಡು ಸಲ ಬಂದು ಹದಿನೈದು ದಿನ ಇದ್ದು ಹೋಗುತ್ತಾನೆ, ಆಗ ಒಂದು ದಿನ ಏರಿಗೆ ಮೀಸಲು. ಮಳೆಗಾಲದಲ್ಲಿ ರಾತ್ರಿ ಊಟವಾದ ಮೇಲೆ ಫೋನು ಬರುತ್ತದೆ. ಡ್ಯಾಮಿನ ಪೂರ್ಣಮಟ್ಟ 1633 ಅಡಿ, ಅದಕ್ಕೆ ಎಷ್ಟು ಕಡಿಮೆ ಇದೆ ಅಂತ ಅವನು ಹೇಳುತ್ತಾನೆ. ಹುಸೇನ್ ಸಾಗರದ್ದು 513.41 ಮೀಟರ್. ಪೇಪರು ನೋಡಿ ಇಂದಿನ ಲೆಕ್ಕ ನಾನು ಹೇಳುತ್ತೇನೆ. ಆಮೇಲೆ ಉಂಡಿರಾ ಅಂತ ಅವನು ಕೇಳುತ್ತಾನೆ, ಮಾತ್ರೆ ತಗೊಂಡೆಯಾ ಅಂತ ನಾನು ಕೇಳುತ್ತೇನೆ.